ಗಂಟಲಿಗೆ ಕರೆಂಟ್, ಹೊಟ್ಟೆಗೆ ಗಂಜಿ

ತಮ್ಮನಿಗೆ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಮನೆಗೆ ಬಂದವರೆಲ್ಲ ಕೇಳಿದ್ದು, "ಆಪರೇಷನ್ ಯಾವಾಗ?" ಅಂತ. ಕ್ಯಾನ್ಸರ್ ಅಂದ್ರೆ ಕೊಯ್ದು ತೆಗೀಬೇಕು, ತೆಗೆಯೋಕೆ ಆಗದಷ್ಟು ಹಬ್ಬಿದ್ರೆ ಮಾತ್ರ ಕರೆಂಟ್, ಅಂದ್ರೆ ರೇಡಿಯೇಷನ್, ಕೊಡ್ತಾರೆ ಅನ್ನೋದು ನಮ್ಮ ಕಡೆಯ ಲೆಕ್ಕ. ಹಾಗಾಗಿ "ಆಪರೇಷನ್ ಬೇಡ, ರೇಡಿಯೇಷನ್ನು ಕೀಮೋ ಎರಡೂ ಒಟ್ಟಿಗೆ ಕೊಡೋಣ" ಅಂತ ಡಾಕ್ಟರ್ ಹೇಳಿದಾಗ ತಮ್ಮನ ಹೆಂಡತಿ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತಳು. ಡಾಕ್ಟರ್ ಕೈಬಿಟ್ಟರು ಅಂತಲೇ ಅವಳು ತಿಳಿದುಕೊಂಡಳು.

ಇಂಥದ್ದೇ ಭಯದಲ್ಲಿರುವ ಮನೆಯವರು ಈಗಲೂ ಎಷ್ಟೋ ಜನ ಇರ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವಳು. ಬೆಂಗಳೂರಿನ ನನ್ನ ಮನೆಯಲ್ಲೇ ತಮ್ಮನನ್ನು ಇಟ್ಟುಕೊಂಡು ಚಿಕಿತ್ಸೆ ಮುಗಿಯುವ ತನಕ ನೋಡಿಕೊಂಡೆ. ಡಾಕ್ಟರನ್ನು ಕೇಳಿ ಕೇಳಿ ತಿಳಿದದ್ದು, ಅಡುಗೆಮನೆಯಲ್ಲಿ ಮಾಡಿ ನೋಡಿ ಕಲಿತದ್ದು ಇಷ್ಟು.

ತಮ್ಮನದು ದಾವಣಗೆರೆಯಲ್ಲಿ ಮಂಡಕ್ಕಿ ವ್ಯಾಪಾರ. ಹುಡುಗನಾಗಿದ್ದಾಗಿಂದ ಬೀಡಿ ಚಟ. ದನಿ ಒಡೆದು ಗೊಗ್ಗರಾದಾಗ "ಭಟ್ಟಿ ಹೊಗೆಗೆ ಹಂಗಾಗಿದೆ ಬಿಡು" ಅಂದ. ಹತ್ತಿರದ ಕ್ಲಿನಿಕ್ಕೊಂದರಲ್ಲಿ ಮಾತ್ರೆ ಬರೆದುಕೊಟ್ಟರು. ಮುಗಿದ ಮೇಲೆ ಇನ್ನೊಂದು ಮಾತ್ರೆ. ಆಮೇಲೆ ಎಡಗಿವಿ ನೋವು ಶುರುವಾಯ್ತು. ಕಿವಿ ನೋಡಿದರೆ ಚೆನ್ನಾಗೇ ಇದೆ! ಗಂಟಲಿನ ನರವೇ ಕಿವಿಗೂ ಹೋಗುವುದರಿಂದ ಗಂಟಲಿನ ಗಡ್ಡೆ ಕಿವಿಯಲ್ಲಿ ನೋಯುತ್ತದಂತೆ. ಇದನ್ನು ಯಾರೂ ನಮಗೆ ಮೊದಲೇ ಹೇಳಿರಲಿಲ್ಲ. ಬೀಡಿ, ಸಿಗರೇಟು, ತಂಬಾಕು, ಕುಡಿತ ಇರುವವರಿಗೆ ಮೂರು ವಾರ ದಾಟಿದರೂ ದನಿ ಸರಿಹೋಗದಿದ್ದರೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ ಗಂಟಲೊಳಗೆ ಕ್ಯಾಮೆರಾ ಹಾಕಿಸಿ ನೋಡಿಸಬೇಕು. ಕಾಯಬಾರದು.

ಇವನ ಗಡ್ಡೆ ಧ್ವನಿಪೆಟ್ಟಿಗೆಯ ಮೇಲ್ಭಾಗದಲ್ಲಿ ಹುಟ್ಟಿ ಕೆಳಕ್ಕೆ ಇಳಿದಿತ್ತು. ಎಡಗಡೆಯ ಧ್ವನಿತಂತು ಅಲುಗಾಡುತ್ತಲೇ ಇರಲಿಲ್ಲ. ಕುತ್ತಿಗೆಯಲ್ಲಿ ಒಂದು ಸಣ್ಣ ಗಂಟು. ಎಲ್ಲ ಸೇರಿಸಿ ಮೂರನೇ ಸ್ಟೇಜ್ ಅಂದರು. ಈ ಹಂತದಲ್ಲಿ ಹಿಂದೆಲ್ಲ ಇಡೀ ಧ್ವನಿಪೆಟ್ಟಿಗೆ ತೆಗೆದು, ಕುತ್ತಿಗೆಯಲ್ಲಿ ಉಸಿರಾಡೋಕೆ ಒಂದು ತೂತು ಮಾಡುತ್ತಿದ್ದರು. ಅದು ಬದಲಾಗೋಕೆ ಶುರುವಾಗಿದ್ದು 1991ರಲ್ಲಿ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ ಮೊದಲು ಕೀಮೋ, ಆಮೇಲೆ ರೇಡಿಯೇಷನ್ ಕೊಟ್ಟ ಗುಂಪಿನಲ್ಲಿ ಶೇ. 64 ಜನರ ಧ್ವನಿಪೆಟ್ಟಿಗೆ ಉಳಿಯಿತು. ಆಪರೇಷನ್ ಮಾಡಿಸಿಕೊಂಡವರಷ್ಟೇ ಕಾಲ ಅವರೂ ಬದುಕಿದರು. 2003ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಎರಡನ್ನೂ ಒಟ್ಟಿಗೆ ಕೊಟ್ಟವರಲ್ಲಿ ಎರಡು ವರ್ಷದ ನಂತರ ಶೇ. 88 ಜನರ ಧ್ವನಿಪೆಟ್ಟಿಗೆ ಹಾಗೇ ಇತ್ತು. ಬರೀ ರೇಡಿಯೇಷನ್ ಕೊಟ್ಟವರಲ್ಲಿ ಇದು ಶೇ. 70. ಅಂದರೆ ಇದು ಕೈಬಿಟ್ಟವರಿಗೆ ಕೊಡುವ ಚಿಕಿತ್ಸೆ ಅಲ್ಲವೇ ಅಲ್ಲ. ಗುಣ ಮಾಡೋಕೆ, ದನಿಯನ್ನೂ ಉಳಿಸೋಕೆ ಕೊಡುವಂಥದ್ದು. ಈ ಅಂಕಿಗಳನ್ನು ಡಾಕ್ಟರ್ ಒಂದು ಚೀಟಿಯ ಹಿಂದೆ ಬರೆದು ತೋರಿಸಿದ ಮೇಲೆ ತಮ್ಮನ ಹೆಂಡತಿ ಎದ್ದು ನಿಂತಳು.

ಆದರೆ ಎಲ್ಲರಿಗೂ ಇದೇ ಸರಿ ಅಂತಲ್ಲ. ಗಡ್ಡೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿಯನ್ನು (ಮೆತ್ತನೆ ಎಲುಬನ್ನು) ಕೊರೆದು ಹೊರಗೆ ಬಂದಿದ್ದರೆ ಆಪರೇಷನ್ನೇ ಒಳ್ಳೇದು ಅಂತಾರೆ. ಹಾಗೆ ಮಾಡಿಸಿಕೊಂಡವರೂ ಮಾತಾಡಬಹುದು. ಬೆಂಗಳೂರಿನ ಡಾಕ್ಟರ್ ವಿಶಾಲ್ ರಾವ್ 'ಓಂ' ಅನ್ನುವ ಪುಟ್ಟ ಧ್ವನಿಸಾಧನ ಮಾಡಿದ್ದಾರೆ. ಅದು ಬಂದಾಗ ಬೆಲೆ ಸುಮಾರು 50 ರೂಪಾಯಿ ಇತ್ತು. ಹೊರದೇಶದಿಂದ ಬರುವ ಅಂಥದ್ದೇ ಸಾಧನಕ್ಕೆ ಸಾವಿರಾರು ರೂಪಾಯಿ ಆಗುತ್ತದೆ. ಆಪರೇಷನ್ ಅಂತ ಹೇಳಿದರೂ ಎದೆಗುಂದಬೇಡಿ ಅನ್ನೋಕೆ ಈ ಮಾತು ಹೇಳಿದೆ.

ಈಗ ಚಿಕಿತ್ಸೆ ನಡೆಯುವ ಏಳು ವಾರದ ವಿಷಯ. ಸಾಮಾನ್ಯವಾಗಿ ಒಟ್ಟು 70 ಗ್ರೇ ರೇಡಿಯೇಷನ್ (ಗ್ರೇ ಅನ್ನೋದು ರೇಡಿಯೇಷನ್ ಅಳೆಯುವ ಮಾನ). ದಿನಕ್ಕೆ 2 ಗ್ರೇಯಂತೆ 35 ಸಿಟ್ಟಿಂಗ್, ವಾರಕ್ಕೆ ಐದು ದಿನ. ಜೊತೆಗೆ ಸಿಸ್ಪ್ಲಾಟಿನ್ ಅನ್ನುವ ಕೀಮೋ, ಮೂರು ವಾರಕ್ಕೊಮ್ಮೆ ದೊಡ್ಡ ಡೋಸ್ ಅಥವಾ ವಾರ ವಾರ ಸಣ್ಣ ಡೋಸ್. ನಮ್ಮವನಿಗೆ ವಾರ ವಾರ ಕೊಟ್ಟರು. ಮೈಯ ಅಳತೆಗೆ ಚದರ ಮೀಟರಿಗೆ 40 ಮಿಲಿಗ್ರಾಂ. ಒಟ್ಟು 200 ಆದರೂ ಮುಟ್ಟಬೇಕು ಅನ್ನೋದು ಅವರ ಗುರಿ. ನಡುವೆ ಒಂದು ವಾರ ಬಿಳಿ ರಕ್ತಕಣ ಕಮ್ಮಿಯಾಗಿ ಕೀಮೋ ನಿಲ್ಲಿಸಿದಾಗ ನಾವು ಗಾಬರಿಯಾದೆವು. "ಕೀಮೋ ಒಂದು ವಾರ ತಪ್ಪಿದ್ರೆ ಪರವಾಗಿಲ್ಲ, ರೇಡಿಯೇಷನ್ ತಪ್ಪಬಾರದು" ಅಂದರು.

ಈ ಸಿಸ್ಪ್ಲಾಟಿನ್ ಪ್ಲಾಟಿನಂ ಲೋಹದಿಂದ ಆದದ್ದು. 1965ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಅನ್ನುವವರು ಬ್ಯಾಕ್ಟೀರಿಯಾದ ನೀರಿಗೆ ಪ್ಲಾಟಿನಂ ಕಡ್ಡಿ ಇಳಿಸಿ ವಿದ್ಯುತ್ ಹರಿಸಿದರು. ಬ್ಯಾಕ್ಟೀರಿಯಾ ಉದ್ದಕ್ಕೆ ಬೆಳೆದವೇ ಹೊರತು ಒಡೆದು ಎರಡಾಗಲಿಲ್ಲ. ಅದಕ್ಕೆ ಕಾರಣ ವಿದ್ಯುತ್ ಅಲ್ಲ, ಕಡ್ಡಿಯಿಂದ ಕರಗಿದ ಪ್ಲಾಟಿನಂ ಅಂತ ಆಮೇಲೆ ತಿಳಿಯಿತು. ಕ್ಯಾನ್ಸರ್ ಕಣವೂ ಒಡೆದೊಡೆದೇ ಬೆಳೆಯುವುದರಿಂದ ಅದರ ಮೇಲೂ ಪ್ರಯೋಗಿಸಿ ನೋಡಿದರು. 1978ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ರೇಡಿಯೇಷನ್ ಕ್ಯಾನ್ಸರ್ ಕಣದ ಡಿಎನ್‌ಎ ಮುರಿಯುತ್ತದೆ, ಸಿಸ್ಪ್ಲಾಟಿನ್ ಆ ಮುರಿದದ್ದು ಮತ್ತೆ ಕೂಡದ ಹಾಗೆ ತಡೆಯುತ್ತದೆ. ಅದಕ್ಕೇ ಎರಡೂ ಒಟ್ಟಿಗೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಹೀಗೆ ಕೀಮೋ ಸೇರಿಸುವುದರಿಂದ ಐದು ವರ್ಷದ ನಂತರ ನೂರಕ್ಕೆ ಆರೇಳು ಜನ ಜಾಸ್ತಿ ಬದುಕಿರುತ್ತಾರೆ. ಎಪ್ಪತ್ತು ದಾಟಿದವರಿಗೆ ಈ ಲಾಭ ಅಷ್ಟಾಗಿ ಕಾಣುವುದಿಲ್ಲ. ಕಮ್ಮಿ ಅನ್ನಿಸಬಹುದು. ಆ ಆರೇಳರಲ್ಲಿ ನಮ್ಮವರೊಬ್ಬರು ಇರಬಹುದಲ್ವಾ?

ಈ ಔಷಧಿ ಮೂತ್ರಪಿಂಡ ಮತ್ತು ಕಿವಿ ಎರಡಕ್ಕೂ ಪೆಟ್ಟು ಕೊಡಬಹುದು. ಪ್ರತಿ ಸಲ ಮೊದಲು ರಕ್ತ ಕೊಟ್ಟು ಕ್ರಿಯಾಟಿನಿನ್ (ಮೂತ್ರಪಿಂಡ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ತಿಳಿಸುವ ಅಳತೆ) ನೋಡಬೇಕು. ಡ್ರಿಪ್ಪಿನಲ್ಲಿ ಸಲೈನ್, ಮೆಗ್ನೀಷಿಯಂ ಎಲ್ಲ ಹೋಗುತ್ತದೆ. ಮನೆಗೆ ಬಂದ ಮೇಲೂ ನೀರು ಒಳಗೆ ಹೋಗುತ್ತಲೇ ಇರಬೇಕು. ಶುರುವಿಗೇ ಕಿವಿಯ ಪರೀಕ್ಷೆ ಮಾಡಿಸಿಟ್ಟುಕೊಳ್ಳಿ. ಇವನಿಗೆ ರಾತ್ರಿ ಕಿವಿಯಲ್ಲಿ ಕುಂಯ್ ಅನ್ನೋ ಸದ್ದು ಶುರುವಾಯ್ತು, ಅದು ಈಗಲೂ ಸ್ವಲ್ಪ ಇದೆ. ಆ ಹೊತ್ತಿಗೇ ನಂಟರೊಬ್ಬರು ಮಲೆನಾಡಿನ ಕಡೆಯಿಂದ ಮರದ ಚಕ್ಕೆಯ ಔಷಧಿ ತಂದರು. ಪ್ರೀತಿಯಿಂದಲೇ ತಂದದ್ದು. ಡಾಕ್ಟರ್ ಮಾತ್ರ ಖಡಾಖಂಡಿತವಾಗಿ ಬೇಡ ಅಂದರು. ಸಿಸ್ಪ್ಲಾಟಿನ್ ನಡೆಯುವಾಗ ಏನಿದೆ ಅಂತ ಗೊತ್ತಿಲ್ಲದ ಕಷಾಯವನ್ನು ಮೂತ್ರಪಿಂಡದ ಮೇಲೆ ಹೇರಬಾರದು. ನಾನು ಅದನ್ನು ಕಪಾಟಿನ ಮೇಲೆ ಇಟ್ಟುಬಿಟ್ಟೆ. ಇನ್ನೊಂದು ಮಾತು: ಕೀಮೋ ದಿನಗಳಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಓಡಬೇಕು. ಉಸಿರಾಡುವಾಗ ಸೀಟಿ ಹೊಡೆದ ಹಾಗೆ ಸದ್ದು ಬಂದರೂ ಅಷ್ಟೇ.

ರೇಡಿಯೇಷನ್ನಿಗೆ ಮೊದಲು ಮಾಸ್ಕ್ ಮಾಡಿದರು. ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯ ಹಾಳೆಯನ್ನು ಮುಖ, ಕುತ್ತಿಗೆ, ಭುಜದ ಮೇಲೆ ಎಳೆದು ಒತ್ತುತ್ತಾರೆ. ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಪ್ರತಿದಿನ ಅದನ್ನು ಹಾಕಿ ಮೇಜಿಗೆ ಬಿಗಿಯುತ್ತಾರೆ, ಕೂದಲೆಳೆಯಷ್ಟೂ ಅಲುಗಾಡಬಾರದು. ಹತ್ತು-ಹದಿನೈದು ನಿಮಿಷದ ಕೆಲಸ. ನೋವಿಲ್ಲ, ಕರೆಂಟ್ ಹೊಡೆಯುವುದೂ ಇಲ್ಲ. ಹೊರಗೆ ಬಂದಾಗ ಅವನ ಹಣೆ, ಕೆನ್ನೆಯ ಮೇಲೆಲ್ಲ ಚೌಕ ಚೌಕ ಗುರುತು ಬಿದ್ದಿರುತ್ತಿತ್ತು. ಆಟೋದಲ್ಲಿ ಮನೆ ಮುಟ್ಟುವಷ್ಟರಲ್ಲಿ ಹೋಗುತ್ತಿತ್ತು.

ನನ್ನ ಮಾತಿನ ಮುಖ್ಯ ಭಾಗ ಇಲ್ಲಿಂದ ಶುರು. ಮೊದಲ ಎರಡು ವಾರ ತಮ್ಮ ಆರಾಮಾಗಿದ್ದ. "ಇಷ್ಟೇನಾ ಅಕ್ಕ?" ಅಂದ. ಮೂರನೇ ವಾರದಲ್ಲಿ ಬಾಯಿ, ಗಂಟಲು ಹುಣ್ಣಾಯ್ತು. ಎಂಜಲು ಅಂಟಂಟಾಗಿ ಎಳೆ ಬರೋಕೆ ಶುರುವಾಯ್ತು. ರುಚಿ ಹೋಯಿತು. "ಏನ್ ತಿಂದ್ರೂ ಮಣ್ಣು ತಿಂದಂಗಾಗುತ್ತೆ ಕಣಕ್ಕ" ಅಂತ ಅನ್ನ-ಸಾರು ಮುಂದಿಟ್ಟುಕೊಂಡು ಸುಮ್ನೆ ಕೂತಿರುತ್ತಿದ್ದ. ಒಂದೊಂದು ಗುಟುಕಿಗೂ ಕಣ್ಣಲ್ಲಿ ನೀರು. ತೂಕ ಇಳಿಯಿತು. ತೂಕ ಇಳಿದರೆ ಏನಾಗುತ್ತದೆ ಗೊತ್ತಾ? ಮಾಸ್ಕ್ ಸಡಿಲವಾಗುತ್ತದೆ. ಕುತ್ತಿಗೆ ಸಣ್ಣಗಾದರೆ ಮೊದಲು ಹಾಕಿದ ಲೆಕ್ಕ ತಪ್ಪುತ್ತದೆ. ಮತ್ತೆ ಸ್ಕ್ಯಾನ್, ಮತ್ತೆ ಹೊಸ ಮಾಸ್ಕ್, ಮತ್ತೆ ಪ್ಲಾನಿಂಗ್. ಸುಸ್ತಾಗಿ ಬಿದ್ದರೆ ರೇಡಿಯೇಷನ್ನೇ ನಿಲ್ಲುತ್ತದೆ. ನಡುವೆ ಬಿಡುವು ಸಿಕ್ಕರೆ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ಬೆಳೆಯುತ್ತವೆ. ಹಬ್ಬಕ್ಕೋ ಮಷೀನ್ ಕೆಟ್ಟೋ ಒಂದು ದಿನ ತಪ್ಪಿದರೆ ಶನಿವಾರ ಕರೆಸಿ ಕೊಡುತ್ತಾರೆ, ಇಲ್ಲವೇ ಒಂದೇ ದಿನ ಆರು ಗಂಟೆ ಅಂತರದಲ್ಲಿ ಎರಡು ಸಲ ಕೊಡುತ್ತಾರೆ. ಅವರು ಅಷ್ಟು ಲೆಕ್ಕ ಇಡುವಾಗ ನಾವು "ಇವತ್ತು ಆಗಲ್ಲ" ಅನ್ನಬಾರದು. ಅದಕ್ಕೇ ಹೇಳುತ್ತೇನೆ, ಊಟ ಅನ್ನೋದು ಇಲ್ಲಿ ಚಿಕಿತ್ಸೆಯದೇ ಒಂದು ಭಾಗ.

ಡಾಕ್ಟರ್ ರೈಲ್ಸ್ ಟ್ಯೂಬ್ ಹಾಕೋಣ ಅಂದರು. ಮೂಗಿನಿಂದ ಹೊಟ್ಟೆಗೆ ಇಳಿಸುವ ತೆಳು ನಳಿಕೆ. ತಮ್ಮ ಒಪ್ಪಲಿಲ್ಲ. ಟ್ಯೂಬ್ ಅಂದರೆ ಕೊನೆಗಾಲ ಅಂತ ಅವನ ಮನಸ್ಸಿನಲ್ಲಿ. ನಮ್ಮ ತಂದೆಗೆ ಕೊನೆಗೆ ಹಾಕಿದ್ದನ್ನು ನೋಡಿದ್ದ. ಎರಡು ದಿನ ಮನೆಯಲ್ಲಿ ಇದೇ ಮಾತು. ಕೊನೆಗೆ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರು, ಬಳ್ಳಾರಿ ಕಡೆಯ ಲಾರಿ ಡ್ರೈವರ್ ಒಬ್ಬರು, ಮೂಗಿನ ಟ್ಯೂಬನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದು "ಅಣ್ಣಾ, ಹಾಕಿಸ್ಕೊ. ನಂಗೆ ತೂಕ ಏರೈತಿ ನೋಡು" ಅಂದರು. ನಾವು ಹೇಳಿದ್ದಕ್ಕಿಂತ ಅದು ಕೆಲಸ ಮಾಡಿತು.

ಟ್ಯೂಬಿನಲ್ಲಿ ಏನು ಹಾಕಬೇಕು ಅನ್ನೋದನ್ನು ಡಯಟೀಷಿಯನ್ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಹಾಲು, ಮೊಟ್ಟೆ, ಬೇಳೆಕಟ್ಟು, ಗಂಜಿ, ಎಳನೀರು, ಪ್ರೊಟೀನ್ ಪುಡಿ. ಎರಡು-ಮೂರು ಗಂಟೆಗೊಮ್ಮೆ ಒಂದು ಲೋಟದಷ್ಟು. ನಾನು ಮೊದಲು ಸಾದಾ ರಾಗಿ ಹಿಟ್ಟಿನಲ್ಲಿ ಗಂಜಿ ಮಾಡಿದೆ. ಎರಡು ಚಮಚ ಹಾಕಿದರೂ ಆರುವಷ್ಟರಲ್ಲಿ ಗಟ್ಟಿಯಾಗಿ ಸಿರಿಂಜಿನಲ್ಲಿ ಇಳಿಯುತ್ತಲೇ ಇರಲಿಲ್ಲ. ನೀರು ಜಾಸ್ತಿ ಮಾಡಿದರೆ ಬರೀ ನೀರೇ ಹೊಟ್ಟೆಗೆ. ಆಗ ಡಯಟೀಷಿಯನ್ ಹೇಳಿದ್ದು, ಮೊಳಕೆ ಬರಿಸಿದ ರಾಗಿ ಹಾಕಿ ಅಂತ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಬಿಳಿ ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಸ್ವಲ್ಪವೇ ಹುರಿದು ಬೀಸಿಸಿದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಅದೇ ಲೋಟಕ್ಕೆ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ. ಜಾಸ್ತಿ ಹುರಿದರೆ ಆ ಗುಣ ಹೋಗುತ್ತದೆ. ಕುದಿಸಿ, ಹಳೇ ಪಂಚೆಯ ಬಟ್ಟೆಯಲ್ಲಿ ಸೋಸಿ, ಬೆಲ್ಲ, ಹಾಲು ಸೇರಿಸಿ ಉಗುರುಬೆಚ್ಚಗೆ ಮಾಡಿ ಹಾಕುತ್ತಿದ್ದೆ. ಸೋಸದಿದ್ದರೆ ಒಂದು ಸಣ್ಣ ಹೊಟ್ಟು ಸಾಕು, ಟ್ಯೂಬ್ ಕಟ್ಟಿಕೊಳ್ಳುತ್ತದೆ. ಹಾಕುವ ಮೊದಲೂ ಆಮೇಲೂ ಒಂದಿಷ್ಟು ಬರೀ ನೀರು ಬಿಡಬೇಕು. ಮೂಗಿನ ಹತ್ತಿರ ಟ್ಯೂಬಿನ ಮೇಲೆ ಹಾಕಿದ ಗುರುತು ಸರಿದಿಲ್ಲ ಅಂತ ಪ್ರತಿ ಸಲ ನೋಡಬೇಕು. ಸರಿದಿದ್ದರೆ ಏನೂ ಹಾಕಬಾರದು, ಆಸ್ಪತ್ರೆಗೆ ಹೋಗಬೇಕು. ಕೂರಿಸಿಯೇ ಹಾಕಬೇಕು, ಹಾಕಿದ ಮೇಲೆ ಅರ್ಧ ಗಂಟೆಯಾದರೂ ಮಲಗಿಸಬಾರದು.

ಟ್ಯೂಬ್ ಇದೆ ಅಂತ ನುಂಗೋದನ್ನು ಪೂರ್ತಿ ಬಿಡಲೂಬಾರದು. ನುಂಗುವ ಸ್ನಾಯುಗಳು ಕೆಲಸ ಮರೆಯುತ್ತವೆ. ಆಮೇಲೆ ಕಲಿಸೋದು ಕಷ್ಟ. ಡಾಕ್ಟರ್ ಪರವಾಗಿಲ್ಲ ಅಂದಿದ್ದರಿಂದ ದಿನಾ ಗುಟುಕು ಗುಟುಕು ನೀರು ಕುಡಿಸುತ್ತಿದ್ದೆವು. ಸ್ಪೀಚ್ ಥೆರಪಿಸ್ಟ್ ಕೆಲವು ವ್ಯಾಯಾಮ ಹೇಳಿಕೊಟ್ಟರು. ನಾಲಿಗೆ ತುದಿಯನ್ನು ಹಲ್ಲಿನ ಮಧ್ಯೆ ಹಿಡಿದು ಎಂಜಲು ನುಂಗುವುದು. ಬೆನ್ನ ಮೇಲೆ ಮಲಗಿ, ಭುಜ ಎತ್ತದೆ ತಲೆ ಮಾತ್ರ ಎತ್ತಿ ಕಾಲ ಹೆಬ್ಬೆರಳು ನೋಡುವುದು. ಬಾಯಿ ಬಿಗಿದುಕೊಳ್ಳದ ಹಾಗೆ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯೆ ಇಡುವುದು, ವಾರಕ್ಕೊಂದು ಕಡ್ಡಿ ಸೇರಿಸುವುದು. ಬಾಯಿ ಮುಕ್ಕಳಿಸೋಕೆ ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ. ಅಂಗಡಿಯ ಉರಿಯುವ ಮೌತ್‌ವಾಶ್ ಬೇಡವೇ ಬೇಡ. ನಾಲಿಗೆ ಮೇಲೆ ಮೊಸರಿನ ಕೆನೆಯ ಹಾಗೆ ಬೆಳ್ಳಗೆ ಕಂಡರೆ ಅದು ಫಂಗಸ್, ಅದಕ್ಕೆ ಬೇರೆ ಔಷಧಿ ಇದೆ, ಕೇಳಿ ತಗೊಳ್ಳಿ.

ನೋವಿಗೆ ಮಾರ್ಫಿನ್ ಬರೆದಾಗ ಮತ್ತೆ ಮನೆಯಲ್ಲಿ ಗುಸುಗುಸು. ಚಟ ಹತ್ತುತ್ತೆ, ಅದನ್ನ ಕೊಟ್ಟರೆ ಆಯ್ತು ಕಥೆ, ಅಂತ. ನೋವಿದ್ದರೆ ನುಂಗೋಕಾಗಲ್ಲ, ನಿದ್ದೆ ಬರಲ್ಲ, ಮಷೀನಿನ ಮೇಲೆ ಮಲಗೋಕಾಗಲ್ಲ. ಡಾಕ್ಟರ್ ಹೇಳಿದ ಅಳತೆಯಲ್ಲಿ ಕೊಟ್ಟೆವು, ಜೊತೆಗೆ ಮಲಬದ್ಧತೆಗೆ ಔಷಧಿ. ಹುಣ್ಣು ಮಾಗಿದ ಮೇಲೆ ಅವರೇ ಸ್ವಲ್ಪ ಸ್ವಲ್ಪ ಇಳಿಸಿ ನಿಲ್ಲಿಸಿದರು. ಯಾವ ಚಟವೂ ಹತ್ತಲಿಲ್ಲ. ನಮ್ಮ ಜನ ನೋವನ್ನು ಸುಮ್ಮಸುಮ್ಮನೆ ತಿನ್ನುವುದು ನೋಡಿದರೆ ನನಗೆ ಸಂಕಟ ಆಗುತ್ತದೆ.

ದುಡ್ಡಿನ ವಿಷಯ ಚುಟುಕಾಗಿ: ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ನಮಗೂ ಅದೇ ಕೈ ಹಿಡಿಯಿತು. ಆಧಾರ್, ರೇಷನ್ ಕಾರ್ಡ್, ರೆಫರಲ್ ಚೀಟಿ ಎಲ್ಲದರ ಜೆರಾಕ್ಸ್ ಒಂದು ಕವರಿನಲ್ಲಿ ಯಾವಾಗಲೂ ಇರಲಿ. ಆಟೋ, ಊಟ, ಜೊತೆಗಿರುವವರ ಕೂಲಿ ತಪ್ಪಿದ್ದು ಮಾತ್ರ ಯಾವ ಯೋಜನೆಗೂ ಬರಲ್ಲ. ಊರಿಂದ ಬರುವವರು ಎಲ್ಲಿ ಉಳಿಯುವುದು ಅನ್ನೋದನ್ನು ಚಿಕಿತ್ಸೆಗೆ ಮುಂಚೆಯೇ ಗೊತ್ತು ಮಾಡಿಕೊಳ್ಳಿ.

ಕೊನೇ ಸಿಟ್ಟಿಂಗ್ ಮುಗಿದ ದಿನ ಎಲ್ಲರೂ ಫೋನ್ ಮಾಡಿ "ಮುಗೀತಲ್ಲ" ಅಂದರು. ಅದಾದ ಎರಡು ವಾರವೇ ಎಲ್ಲಕ್ಕಿಂತ ಕಷ್ಟದ್ದು. ರೇಡಿಯೇಷನ್ ನಿಂತರೂ ಅದರ ಕೆಲಸ ಒಳಗೆ ನಡೆಯುತ್ತಲೇ ಇರುತ್ತದೆ. ಕುತ್ತಿಗೆ ಚರ್ಮ ಕಪ್ಪಾಗಿ ಸುಲಿಯಿತು. ಕಫ ಹೆಚ್ಚಾಯಿತು. ರಾತ್ರಿಯೆಲ್ಲ ಎದ್ದು ಕೂತು ಉಗುಳುತ್ತಿದ್ದ. ದಿನಾ ಹೋಗುತ್ತಿದ್ದ ಆಸ್ಪತ್ರೆಯೂ ಇಲ್ಲ, ಕೇಳೋಕೆ ನರ್ಸ್ ಇಲ್ಲ. ಕಾಯಿಲೆ ವಾಪಸ್ ಬಂತು ಅಂತ ತಮ್ಮನ ಹೆಂಡತಿ ಅಳುತ್ತಿದ್ದಳು. ಹೀಗಾಗುತ್ತೆ ಅಂತ ಡಾಕ್ಟರ್ ಮೊದಲೇ ಎಚ್ಚರಿಸಿದ್ದಕ್ಕೆ ನಾನು ಧೈರ್ಯವಾಗಿದ್ದೆ. ನಿಮಗೆ ಯಾರೂ ಹೇಳಿಲ್ಲ ಅಂದ್ರೆ ಈಗ ಕೇಳಿಸಿಕೊಳ್ಳಿ: ಮುಗಿದ ಮೇಲೆ ಜಾಸ್ತಿಯಾಗಿಯೇ ಕಮ್ಮಿಯಾಗುವುದು. ನಿಧಾನಕ್ಕೆ ಹುಣ್ಣು ಒಣಗಿತು. ತಿಂಗಳು ಕಳೆದ ಮೇಲೆ ಟ್ಯೂಬ್ ತೆಗೆದರು.

ಕ್ಯಾನ್ಸರ್ ಉಳಿದಿದೆಯಾ ಅಂತ ನೋಡುವ ಪೆಟ್ ಸ್ಕ್ಯಾನಿಗೆ ಹನ್ನೆರಡು ವಾರ ಕಾಯಿಸಿದರು. ಬೇಗ ಮಾಡಿದರೆ ರೇಡಿಯೇಷನ್ನಿನ ಉರಿಯೂತವೇ ಕ್ಯಾನ್ಸರಿನ ಹಾಗೆ ಹೊಳೆದು ದಾರಿ ತಪ್ಪಿಸುತ್ತದೆ. ಕುತ್ತಿಗೆಯ ಗಂಟು ಉಳಿದಿದ್ದರೆ ಆಪರೇಷನ್ ಬೇಕಾ ಬೇಡವಾ ಅನ್ನೋದೂ ಈ ಸ್ಕ್ಯಾನಿನ ಮೇಲೆಯೇ ತೀರ್ಮಾನ. ನಮ್ಮವನ ರಿಪೋರ್ಟಿನಲ್ಲಿ ಗಂಟಲು, ಕುತ್ತಿಗೆ ಎರಡೂ ಚೊಕ್ಕಟ ಅಂತ ಬಂತು. ರಿಪೋರ್ಟ್ ಹಿಡಿದು ಕಾರಿಡಾರಿನಲ್ಲೇ ನಾನು ಅತ್ತೆ. ಮೊದಲೆರಡು ವರ್ಷ ವಾಪಸ್ ಬರುವ ಭಯ ಜಾಸ್ತಿ ಅಂತ ಕೆಲವು ತಿಂಗಳಿಗೊಮ್ಮೆ ಕ್ಯಾಮೆರಾ ಹಾಕಿ ನೋಡುತ್ತಾರೆ.

ಈಗ ಅವನು ದಾವಣಗೆರೆಯಲ್ಲಿದ್ದಾನೆ. ದನಿ ಸ್ವಲ್ಪ ಒರಟು, ಆದರೆ ಅವನದೇ ದನಿ. ಎಂಜಲು ಮಾತ್ರ ಮೊದಲಿನಷ್ಟು ಬರಲಿಲ್ಲ. ನೀರಿನ ಬಾಟಲಿ ಕೈಯಲ್ಲೇ ಇರುತ್ತದೆ. ಮಂಡಕ್ಕಿ ವ್ಯಾಪಾರಿ, ಆದರೆ ಒಣ ಮಂಡಕ್ಕಿ ಗಂಟಲಲ್ಲಿ ಇಳಿಯಲ್ಲ. ಖಾರದ ಮಿರ್ಚಿ ಅಂತೂ ದೂರ. ಅವನ ಹೆಂಡತಿ ಮಂಡಕ್ಕಿ ನೆನೆಸಿ, ಹಿಂಡಿ, ಹಸಿಮೆಣಸು ಬಿಟ್ಟು ಒಗ್ಗರಣೆ ಹಾಕಿ, ಹುರಿಗಡಲೆ ಪುಡಿ ಉದುರಿಸಿ ಸುಸ್ಲಾ ಮಾಡಿಕೊಡುತ್ತಾಳೆ. ಅದನ್ನು ಒಂದು ತಟ್ಟೆ ಪೂರ್ತಿ ತಿನ್ನುತ್ತಾನೆ. ನಡುವೆ ಸುಸ್ತು, ಚಳಿ ಅಂತಿದ್ದಾಗ ಥೈರಾಯ್ಡ್ ನೋಡುವ ಟಿಎಸ್‌ಎಚ್ ಪರೀಕ್ಷೆ ಮಾಡಿಸಿದೆವು. ಕುತ್ತಿಗೆಗೆ ರೇಡಿಯೇಷನ್ ಆದವರಲ್ಲಿ ಥೈರಾಯ್ಡ್ ಕಮ್ಮಿಯಾಗುವುದು ತುಂಬಾ ಸಾಮಾನ್ಯವಂತೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಅಷ್ಟೇ.

ಮೊನ್ನೆ ಅವನ ದವಡೆ ಹಲ್ಲು ಒಂದು ಅಲುಗಾಡುತ್ತಿದೆ ಅಂತ ಫೋನ್ ಮಾಡಿದ. ಅಲ್ಲೇ ಹತ್ತಿರದಲ್ಲಿ ಕೀಳಿಸಿಕೊಂಡು ಬಿಡ್ತೀನಿ ಅಂದ. ಬೇಡ ಅಂತ ಜೋರಾಗಿಯೇ ಹೇಳಿದೆ. ರೇಡಿಯೇಷನ್ ಬಿದ್ದ ದವಡೆಗೆ ರಕ್ತ ಸರಿಯಾಗಿ ಹೋಗಲ್ಲ. ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯಬಹುದು. ಅದಕ್ಕೇ ಕೆಟ್ಟ ಹಲ್ಲುಗಳನ್ನೆಲ್ಲ ರೇಡಿಯೇಷನ್ ಶುರುವಾಗುವ ಮೊದಲೇ ಕೀಳಿಸಿ, ಗಾಯ ಮಾಯುವ ತನಕ ಕಾದಿದ್ದರು. ಎಷ್ಟೇ ವರ್ಷ ಆಗಿರಲಿ, ಹಲ್ಲಿನ ಡಾಕ್ಟರಿಗೆ ರೇಡಿಯೇಷನ್ ಆಗಿದೆ ಅಂತ ಮೊದಲು ಹೇಳಬೇಕು, ಅವರು ರೇಡಿಯೇಷನ್ ಡಾಕ್ಟರ ಹತ್ತಿರ ಮಾತಾಡಬೇಕು. ಬರೋ ವಾರ ಚೆಕಪ್ಪಿಗೆ ಬೆಂಗಳೂರಿಗೆ ಬರುತ್ತಿದ್ದಾನೆ. ಆ ಹಲ್ಲನ್ನು ಇಲ್ಲೇ ತೋರಿಸುತ್ತೇವೆ.